ಕಮ್ಯುನಿಟಿ ಕಾಲೇಜಿನಿಂದ ಎಂಜಿನಿಯರಿಂಗ್‌ಗೆ: ಮೊದಲ ವರ್ಷದಲ್ಲೇ ತೀರ್ಮಾನವಾಗುವ ದಾರಿ

ಬೇ ಏರಿಯಾದ ಕನ್ನಡ ಕುಟುಂಬಗಳ ಮುಂದೆ ಕಮ್ಯುನಿಟಿ ಕಾಲೇಜಿನ ಭೌತಶಾಸ್ತ್ರ ಅಧ್ಯಾಪಕರೊಬ್ಬರು ಆಡಿದ ಮಾತುಗಳ ಬರಹ ರೂಪ

ಇವತ್ತು ನಾನು ಮುಖ್ಯವಾಗಿ ಹೇಳಬೇಕಾದದ್ದು ಒಂದೇ. ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ, ಆಮೇಲೆ ಬರ್ಕ್ಲಿಗೋ ಡೇವಿಸ್‌ಗೋ ಸ್ಯಾನ್ ಹೋಸೆ ಸ್ಟೇಟ್‌ಗೋ ಎಂಜಿನಿಯರಿಂಗ್‌ಗೆ ಹೋಗಬಹುದು. ಅದು ಗಟ್ಟಿ ದಾರಿ. ಆದರೆ ಬೇರೆ ವಿಷಯ ಓದುವವರಿಗೆ ಈ ದಾರಿಯಲ್ಲಿ ಇರುವಷ್ಟು ಸಲಿಗೆ ಎಂಜಿನಿಯರಿಂಗ್ ಓದುವವರಿಗೆ ಇಲ್ಲ. ಎಷ್ಟು ಚೆನ್ನಾಗಿ ಓದುತ್ತೀರಿ ಅನ್ನುವಷ್ಟೇ, ಯಾವುದರ ನಂತರ ಯಾವುದನ್ನು ಓದುತ್ತೀರಿ ಅನ್ನುವುದೂ ಮುಖ್ಯ. ಆ ಲೆಕ್ಕವನ್ನು ಕಾಲೇಜು ಸೇರಿದ ಮೊದಲ ವಾರದಲ್ಲೇ ಹಾಕಬೇಕು. ಎರಡನೇ ವರ್ಷದಲ್ಲಿ ಹಾಕಲು ಕೂತರೆ ಹೊತ್ತು ಮೀರಿರುತ್ತದೆ.

ಮೊದಲು ನಮ್ಮ ಜನರ ಸಂಕೋಚದ ಬಗ್ಗೆ ಸ್ವಲ್ಪ ಮಾತಾಡಿಬಿಡುತ್ತೇನೆ. ಯಾಕೆಂದರೆ ಅದು ಮಕ್ಕಳಿಗೆ ನಿಜವಾಗಿ ತೊಂದರೆ ಮಾಡುತ್ತಿದೆ. ಮಗಳಿಗೆ ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಸಿಕ್ಕಿದೆ ಅನ್ನುವಾಗ ಇರುವ ದನಿ, ಮಗಳು ಡಿ ಆಂಜಾ ಕಮ್ಯುನಿಟಿ ಕಾಲೇಜಿಗೆ ಹೋಗ್ತಾಳೆ ಅನ್ನುವಾಗ ಇರುವುದಿಲ್ಲ. ಊರಿಗೆ ಫೋನ್ ಮಾಡಿದಾಗ ಆ ವಿಷಯ ತೇಲಿಸಿಬಿಡುತ್ತೇವೆ. ಮಕ್ಕಳು ಇದನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ನನ್ನ ತರಗತಿಗೆ ಮೊದಲ ದಿನ ಬರುವಾಗಲೇ ಕೆಲವು ಮಕ್ಕಳ ಮುಖ ಸಣ್ಣದಾಗಿರುತ್ತದೆ. ತಾವು ಸೋತು ಇಲ್ಲಿಗೆ ಬಂದಿದ್ದೇವೆ ಅಂತ ತಿಳಿದಿರುತ್ತಾರೆ. ಸೋತವರು ಸಹಾಯ ಕೇಳುವುದಿಲ್ಲ, ಮೊದಲ ಬೆಂಚಿನಲ್ಲಿ ಕೂರುವುದಿಲ್ಲ, ಮೇಷ್ಟ್ರ ಕೋಣೆಗೆ ಬರುವುದಿಲ್ಲ. ಅಲ್ಲಿಂದಲೇ ಎಡವಟ್ಟು ಶುರು.

ಕರ್ನಾಟಕದಿಂದ ಬಂದ ನಮಗೆ ಇಂಥ ದಾರಿ ಹೊಸದೇನಲ್ಲ, ಅಲ್ವಾ? ಎಸ್ಸೆಸ್ಸೆಲ್ಸಿ ಆದಮೇಲೆ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಬಿಇಗೆ ಲ್ಯಾಟರಲ್ ಎಂಟ್ರಿ. ಹೀಗೆ ಬಂದವರು ನಿಮ್ಮ ತರಗತಿಯಲ್ಲೂ ಇದ್ದರು. ಲ್ಯಾಬಿನಲ್ಲಿ ಅವರ ಕೈ ನಮಗಿಂತ ಚುರುಕಾಗಿತ್ತು. ಗಣಿತದಲ್ಲಿ ಮಾತ್ರ ಒಂದು ಅಂತರ ಇರುತ್ತಿತ್ತು. ಅದಕ್ಕೇ ವಿಟಿಯು ಅವರಿಗೆ ಬೇರೆಯಾಗಿ ಹೆಚ್ಚುವರಿ ಗಣಿತದ ಪೇಪರ್ ಇಟ್ಟಿತ್ತು. ಮ್ಯಾಟ್‌ಡಿಪ್ ಅಂದರೆ ಇಲ್ಲಿ ಕೆಲವರಿಗೆ ಈಗಲೂ ನೆನಪಾಗಬಹುದು. ಇಲ್ಲಿನ ಕಮ್ಯುನಿಟಿ ಕಾಲೇಜಿಗೂ ಡಿಪ್ಲೊಮಾಗೂ ಇರುವ ದೊಡ್ಡ ವ್ಯತ್ಯಾಸವೇ ಇದು. ಇಲ್ಲಿ ಓದುವುದು ಬೇರೆ ಪಠ್ಯ ಅಲ್ಲ. ಯೂನಿವರ್ಸಿಟಿಯ ಮೊದಲ ಎರಡು ವರ್ಷದಲ್ಲಿ ಯಾವ ಕ್ಯಾಲ್ಕುಲಸ್, ಯಾವ ಫಿಸಿಕ್ಸ್ ಇದೆಯೋ ಇಲ್ಲೂ ಅದೇ. ಅದನ್ನು ಮುಗಿಸಿ ಮೂರನೇ ವರ್ಷಕ್ಕೆ ಹೋಗುತ್ತಾರೆ. ಕೊನೆಗೆ ಕೈಗೆ ಬರುವ ಡಿಗ್ರಿ ಸರ್ಟಿಫಿಕೇಟ್ ಯೂನಿವರ್ಸಿಟಿಯದು. ನಾಲ್ಕು ವರ್ಷವೂ ಅಲ್ಲೇ ಓದಿದವರಿಗೆ ಸಿಗುವುದೂ ಅದೇ.

ಈ ವ್ಯವಸ್ಥೆ ಹೇಗೆ ಹುಟ್ಟಿತು ಅಂತ ಒಂದೆರಡು ಮಾತು. ಅಮೆರಿಕದಲ್ಲಿ ಇಂದಿಗೂ ನಡೆಯುತ್ತಿರುವ ಅತ್ಯಂತ ಹಳೆಯ ಸಾರ್ವಜನಿಕ ಕಮ್ಯುನಿಟಿ ಕಾಲೇಜು ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿದೆ. ಅದು ಶುರುವಾದದ್ದು 1901ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಮೊದಲು ಬಂದದ್ದು ಫ್ರೆಸ್ನೊದಲ್ಲಿ, 1910ರಲ್ಲಿ. ಆದರೆ ಈಗ ನಾವು ನೋಡುತ್ತಿರುವ ಏರ್ಪಾಡಿಗೆ ಅಡಿಪಾಯ 1960ರ ಮಾಸ್ಟರ್ ಪ್ಲಾನ್. ಅದರ ಹಿಂದೆ ಇದ್ದ ಮುಖ್ಯ ವ್ಯಕ್ತಿ ಆಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಅಧ್ಯಕ್ಷರಾಗಿದ್ದ ಕ್ಲಾರ್ಕ್ ಕೆರ್. ಹೈಸ್ಕೂಲ್ ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯುಸಿ, ಮೇಲಿನ ಮೂರನೇ ಒಂದು ಭಾಗಕ್ಕೆ ಸ್ಟೇಟ್ ಕಾಲೇಜುಗಳು, ಉಳಿದ ಎಲ್ಲರಿಗೂ ಕಮ್ಯುನಿಟಿ ಕಾಲೇಜು ಅಂತ ಗೆರೆ ಹಾಕಿದರು. ಇಷ್ಟೇ ಆಗಿದ್ದರೆ ಅದು ಬರೀ ಜರಡಿ ಹಿಡಿಯುವ ಕೆಲಸ ಆಗಿರುತ್ತಿತ್ತು. ಆದರೆ ಅದೇ ಯೋಜನೆಯಲ್ಲಿ ಇನ್ನೊಂದು ಮಾತೂ ಇತ್ತು. ಯೂನಿವರ್ಸಿಟಿಗಳು ಮೂರನೇ ನಾಲ್ಕನೇ ವರ್ಷದಲ್ಲಿ ಹೆಚ್ಚು ಜಾಗ ಉಳಿಸಿಕೊಂಡಿರಬೇಕು, ಆ ಜಾಗಕ್ಕೆ ಕಮ್ಯುನಿಟಿ ಕಾಲೇಜಿನ ಮಕ್ಕಳನ್ನು ತೆಗೆದುಕೊಳ್ಳಬೇಕು. ಅಂದರೆ ಟ್ರಾನ್ಸ್‌ಫರ್ ಅನ್ನುವುದು ಯಾರೋ ಕನಿಕರದಿಂದ ಬಿಟ್ಟುಕೊಟ್ಟ ಹಿಂಬಾಗಿಲಲ್ಲ. ಮನೆ ಕಟ್ಟುವಾಗಲೇ ಇಟ್ಟ ಬಾಗಿಲು.

ಈಗ ರಾಜ್ಯದಲ್ಲಿ 116 ಕಮ್ಯುನಿಟಿ ಕಾಲೇಜುಗಳಿವೆ. ಇಲ್ಲಿ ಕೋರ್ಸ್‌ಗಳನ್ನು ಅಳೆಯುವುದು ಯೂನಿಟ್ ಲೆಕ್ಕದಲ್ಲಿ. ರಾಜ್ಯದ ನಿವಾಸಿಗಳಿಗೆ ಒಂದು ಸೆಮಿಸ್ಟರ್ ಯೂನಿಟ್‌ಗೆ 46 ಡಾಲರ್ ಶುಲ್ಕ. ಟ್ರಾನ್ಸ್‌ಫರ್‌ಗೆ ಕನಿಷ್ಠ 60 ಯೂನಿಟ್ ಬೇಕು. ಅಲ್ಲಿಗೆ 2,760 ಡಾಲರ್. ಯುಸಿಯಲ್ಲಿ ರಾಜ್ಯದ ನಿವಾಸಿಗೂ ಒಂದು ವರ್ಷದ ಶುಲ್ಕವೇ ಸುಮಾರು 15 ಸಾವಿರ ಡಾಲರ್. ಊಟ, ವಸತಿ ಬೇರೆ. ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ, ಲೆಕ್ಕದಲ್ಲಿ ನೀವೆಲ್ಲ ನನಗಿಂತ ಮುಂದು.

ಕಮ್ಯುನಿಟಿ ಕಾಲೇಜಿನಿಂದ ಹೋದವರು ಎಲ್ಲಿಯವರೆಗೆ ಹೋಗಬಹುದು ಅಂತ ಮಕ್ಕಳು ಕೇಳುತ್ತಾರೆ. ಬಾಹ್ಯಾಕಾಶದವರೆಗೆ ಹೋಗಿದ್ದಾರೆ. ಅಪೊಲೊ 13ರಲ್ಲಿದ್ದ ಫ್ರೆಡ್ ಹೇಯ್ಸ್ ಮೊದಲು ಓದಿದ್ದು ಮಿಸಿಸಿಪ್ಪಿಯ ಪರ್ಕಿನ್‌ಸ್ಟನ್ ಜೂನಿಯರ್ ಕಾಲೇಜಿನಲ್ಲಿ. ಆಮೇಲೆ ಓಕ್ಲಹೋಮ ಯೂನಿವರ್ಸಿಟಿಯಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್. ಸ್ಪೇಸ್ ಶಟಲ್ ನಡೆಸಿದ ರಾಬರ್ಟ್ ಗಿಬ್ಸನ್ ನ್ಯೂಯಾರ್ಕಿನ ಸಫಕ್ ಕೌಂಟಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಅಲ್ಲಿಂದ ನಮ್ಮ ಕ್ಯಾಲ್ ಪಾಲಿ ಯೂನಿವರ್ಸಿಟಿಗೆ ಬಂದು 1969ರಲ್ಲಿ ಏರೋನಾಟಿಕಲ್ ಎಂಜಿನಿಯರಿಂಗ್ ಮುಗಿಸಿದರು. ಇಲ್ಲೇ ಕ್ಯುಪರ್ಟಿನೊದ ಡಿ ಆಂಜಾದಲ್ಲಿ ಓದಿ ಆಮೇಲೆ ಬರ್ಕ್ಲಿಗೆ ಹೋದ ಸ್ಟೀವ್ ವಾಜ್ನಿಯಾಕ್ ಆ್ಯಪಲ್ ಕಂಪನಿ ಕಟ್ಟಿದವರಲ್ಲೊಬ್ಬರು. ಊರಿಗೆ ಫೋನ್ ಮಾಡಿದಾಗ ಅಜ್ಜಿಗೆ ಇದನ್ನು ಹೇಳಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಎಂಜಿನಿಯರಿಂಗ್ ಟ್ರಾನ್ಸ್‌ಫರ್ ಅಂದರೆ ಒಂದು ಸರಪಳಿ. ಕ್ಯಾಲ್ಕುಲಸ್ 1 ಮುಗಿಯದೆ ಕ್ಯಾಲ್ಕುಲಸ್ 2 ಇಲ್ಲ. ಕ್ಯಾಲ್ಕುಲಸ್ 2 ಇಲ್ಲದೆ ಮೂರನೆಯದು ಇಲ್ಲ. ಆಮೇಲೆ ಡಿಫರೆನ್ಷಿಯಲ್ ಈಕ್ವೇಶನ್ಸ್ ಮತ್ತು ಲೀನಿಯರ್ ಆಲ್ಜೀಬ್ರಾ. ಇದು ಗಣಿತದ ಎಳೆ. ಇದರ ಪಕ್ಕದಲ್ಲೇ ಫಿಸಿಕ್ಸ್ ಎಳೆ. ಮೆಕ್ಯಾನಿಕ್ಸ್‌ಗೆ ಕೂರಬೇಕಾದರೆ ಕ್ಯಾಲ್ಕುಲಸ್ 1 ಆಗಿರಬೇಕು. ವಿದ್ಯುತ್ ಮತ್ತು ಕಾಂತತ್ವಕ್ಕೆ ಮೆಕ್ಯಾನಿಕ್ಸೂ ಬೇಕು, ಮುಂದಿನ ಕ್ಯಾಲ್ಕುಲಸೂ ಬೇಕು. ಈ ಎರಡು ಎಳೆಗಳ ತುದಿಯಲ್ಲಿ ನೇತಾಡುತ್ತಿರುವುದು ಎಂಜಿನಿಯರಿಂಗ್‌ನ ಸ್ವಂತ ಕೋರ್ಸ್‌ಗಳು. ಸ್ಟ್ಯಾಟಿಕ್ಸ್‌ಗೆ, ಅಂದರೆ ಅಲುಗಾಡದೆ ನಿಂತ ವಸ್ತುಗಳ ಮೇಲಿನ ಬಲಗಳ ಪಾಠಕ್ಕೆ, ಮೆಕ್ಯಾನಿಕ್ಸ್ ಮುಗಿದಿರಬೇಕು. ಸರ್ಕ್ಯೂಟ್ಸ್‌ಗೆ ವಿದ್ಯುತ್ತಿನ ಫಿಸಿಕ್ಸ್ ಮುಗಿದಿರಬೇಕು. ಜೊತೆಗೆ ಪ್ರೋಗ್ರಾಮಿಂಗ್, ಕೆಲವು ಶಾಖೆಗಳಿಗೆ ಕೆಮಿಸ್ಟ್ರಿ.

ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಡಿ ಆಂಜಾದಲ್ಲಿ ಕ್ವಾರ್ಟರ್ ಪದ್ಧತಿ, ಅಂದರೆ ಬೇಸಿಗೆ ಬಿಟ್ಟು ವರ್ಷಕ್ಕೆ ಮೂರು ಅವಧಿ. ಅಲ್ಲಿ ಕ್ಯಾಲ್ಕುಲಸ್ ಅನ್ನು ನಾಲ್ಕು ಭಾಗ ಮಾಡಿದ್ದಾರೆ. 1ಎ, 1ಬಿ, 1ಸಿ, 1ಡಿ. ಆಮೇಲೆ ಡಿಫರೆನ್ಷಿಯಲ್ ಈಕ್ವೇಶನ್ಸ್ 2ಎ, ಲೀನಿಯರ್ ಆಲ್ಜೀಬ್ರಾ 2ಬಿ. ರಾಜ್ಯದ ಎಲ್ಲ ಕಮ್ಯುನಿಟಿ ಕಾಲೇಜುಗಳಿಗೂ ಒಂದೇ ರೀತಿಯ ಕೋರ್ಸ್ ನಂಬರ್ ಕೊಡುವ ಕೆಲಸ ನಡೆಯುತ್ತಿರುವುದರಿಂದ ಈ ನಂಬರ್‌ಗಳು ಬದಲಾಗಬಹುದು. ಹೆಸರು ಬದಲಾದರೂ ಸಾಲು ಅದೇ. ಒಟ್ಟು ಎಷ್ಟಾಯಿತು? ಗಣಿತವೇ ಆರು. ಬೇಸಿಗೆ ಬಿಟ್ಟರೆ ಎರಡು ವರ್ಷಕ್ಕೆ ಎಷ್ಟು ಕ್ವಾರ್ಟರ್? ಅದೂ ಆರು. ಮೊದಲ ಸೆಪ್ಟೆಂಬರಿನಲ್ಲೇ ಕ್ಯಾಲ್ಕುಲಸ್‌ಗೆ ಕೂತರೆ, ಒಂದೊಂದಾಗಿ ಓದುತ್ತ ಹೋದರೆ, ಎರಡನೇ ವರ್ಷದ ಜೂನ್‌ಗೆ ಸರಿಯಾಗಿ ಮುಗಿಯುತ್ತದೆ. ಪ್ರಿ-ಕ್ಯಾಲ್ಕುಲಸ್‌ನಿಂದ ಶುರು ಮಾಡಿದರೆ? ಬೇಸಿಗೆಯಲ್ಲೂ ಓದಬೇಕು, ಇಲ್ಲವೇ ಮೂರನೇ ವರ್ಷಕ್ಕೆ ಹೋಗುತ್ತದೆ.

ಈ ಲೆಕ್ಕ ಗೊತ್ತಿಲ್ಲದೆ ಏನಾಗುತ್ತದೆ ಹೇಳುತ್ತೇನೆ. ಒಬ್ಬ ಹುಡುಗ, ತುಂಬ ಜಾಣ. ಮೊದಲ ಸೆಮಿಸ್ಟರ್ ಸ್ವಲ್ಪ ಹಗುರವಾಗಿರಲಿ ಅಂತ ಯಾರೋ ಹೇಳಿದರು. ಅವನು ಇತಿಹಾಸ, ಸೈಕಾಲಜಿ, ಇಂಗ್ಲಿಷ್, ಕಲೆಯ ಒಂದು ಕೋರ್ಸ್ ತೆಗೆದುಕೊಂಡ. ಎಲ್ಲದರಲ್ಲೂ ಎ. ಮನೆಯವರಿಗೆಲ್ಲ ಖುಷಿ. ಗಣಿತ ಮುಂದಿನ ಸೆಮಿಸ್ಟರ್‌ಗೆ ಹೋಯಿತು. ಗಣಿತ ಒಂದು ಸೆಮಿಸ್ಟರ್ ಹಿಂದೆ ಬಿದ್ದಿದ್ದರಿಂದ ಮೆಕ್ಯಾನಿಕ್ಸ್ ಹಿಂದೆ ಬಿತ್ತು. ಮೆಕ್ಯಾನಿಕ್ಸ್ ಹಿಂದೆ ಬಿದ್ದಿದ್ದರಿಂದ ಸ್ಟ್ಯಾಟಿಕ್ಸ್ ಹಿಂದೆ ಬಿತ್ತು. ಸ್ಟ್ಯಾಟಿಕ್ಸ್ ಅವರ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಮಾತ್ರ ಇತ್ತು. ಒಂದು ಸೆಮಿಸ್ಟರ್ ತಡ ಅಂದುಕೊಂಡಿದ್ದು ಪೂರ್ತಿ ಒಂದು ವರ್ಷ ಆಯಿತು. ಆ ನಾಲ್ಕು ಎ ಗ್ರೇಡ್‌ಗಳು ಸುಳ್ಳಲ್ಲ. ಅವನ ಶ್ರಮವೂ ಸುಳ್ಳಲ್ಲ. ಕೋರ್ಸ್‌ಗಳ ಸಾಲು ತಪ್ಪಿತ್ತು, ಅಷ್ಟೇ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಕೊನೆಯಿಂದ ಹಿಂದಕ್ಕೆ ಬರೆಯಿರಿ. ಒಂದು ಹಾಳೆ ತಗೊಳ್ಳಿ. ಎರಡನೇ ವರ್ಷದ ವಸಂತದಲ್ಲಿ ಮುಗಿಯಲೇಬೇಕಾದ ಕೋರ್ಸ್ ಯಾವುದು? ಎಲೆಕ್ಟ್ರಿಕಲ್ ಆದರೆ ಸರ್ಕ್ಯೂಟ್ಸ್ ಅಂತ ಇಟ್ಟುಕೊಳ್ಳಿ. ಅದಕ್ಕೆ ಮುಂಚೆ ಏನು ಬೇಕು? ಅದಕ್ಕೂ ಮುಂಚೆ? ಹೀಗೆ ಬರೆಯುತ್ತ ಬಂದರೆ ಈ ಆಗಸ್ಟ್‌ನಲ್ಲಿ ಯಾವ ಕೋರ್ಸ್‌ಗೆ ಹೆಸರು ಹಚ್ಚಬೇಕು ಅನ್ನುವುದು ತಾನಾಗಿ ಬರುತ್ತದೆ. ಆ ಹಾಳೆಯನ್ನು ಕೌನ್ಸೆಲರ್ ಹತ್ತಿರ ತೆಗೆದುಕೊಂಡು ಹೋಗಿ. ಖಾಲಿ ಕೈಯಲ್ಲಿ ಹೋಗಿ ನಾನು ಏನು ಓದಲಿ ಅಂತ ಕೇಳಬೇಡಿ. ಒಬ್ಬ ಕೌನ್ಸೆಲರ್ ನರ್ಸಿಂಗ್‌ನವರಿಗೂ ಕಾಮರ್ಸ್‌ನವರಿಗೂ ನಿಮಗೂ ಉತ್ತರ ಕೊಡಬೇಕು. ನಿಮ್ಮ ಹಾಳೆ ಇದ್ದರೆ ಅವರು ತಪ್ಪು ಹುಡುಕಿ ಕೊಡುತ್ತಾರೆ. ಅರ್ಧ ಗಂಟೆಯಲ್ಲಿ ಅವರಿಂದ ಸಿಗಬಹುದಾದ ದೊಡ್ಡ ಸಹಾಯ ಅದು.

ಈ ಹಾಳೆ ಬರೆಯಲು ಬೇಕಾದ ಮಾಹಿತಿ ಎಲ್ಲಿದೆ? ಅಸಿಸ್ಟ್ ಡಾಟ್ ಆರ್ಗ್. ಇದು ಕ್ಯಾಲಿಫೋರ್ನಿಯಾದ ಸಾರ್ವಜನಿಕ ಕಾಲೇಜುಗಳ ಅಧಿಕೃತ ಜಾಲತಾಣ. ಯಾವ ಕಮ್ಯುನಿಟಿ ಕಾಲೇಜಿನಿಂದ, ಯಾವ ಯುಸಿ ಅಥವಾ ಸ್ಟೇಟ್ ಯೂನಿವರ್ಸಿಟಿಗೆ, ಯಾವ ವರ್ಷ, ಯಾವ ಶಾಖೆ ಅಂತ ಆರಿಸಿದರೆ ಎರಡು ಕಾಲಂ ಬರುತ್ತವೆ. ಎಡಗಡೆ ಯೂನಿವರ್ಸಿಟಿಯ ಕೋರ್ಸ್. ಬಲಗಡೆ ಅದಕ್ಕೆ ಸಮನಾದ ನಿಮ್ಮ ಕಾಲೇಜಿನ ಕೋರ್ಸ್. ಆ ಪುಟವನ್ನು ಓದುವುದಕ್ಕೂ ಒಂದು ಅಭ್ಯಾಸ ಬೇಕು. ಅಲ್ಲಿ 'ಮತ್ತು' ಇದೆಯೋ 'ಅಥವಾ' ಇದೆಯೋ ನೋಡಿ. ಎಷ್ಟೋ ಕಡೆ ಎಡಗಡೆಯ ಎರಡು ಕೋರ್ಸ್‌ಗೆ ಬಲಗಡೆ ಮೂರು ಕೋರ್ಸ್ ಸೇರಿಸಿ ಒಂದೇ ಕಟ್ಟು ಮಾಡಿರುತ್ತಾರೆ. ಮೂರೂ ಮುಗಿಸಿದರೆ ಮಾತ್ರ ಆ ಎರಡೂ ಲೆಕ್ಕಕ್ಕೆ. ಎರಡು ಓದಿ ನಿಲ್ಲಿಸಿದರೆ ಕೈಗೆ ಬರುವುದು ಅರ್ಧಂಬರ್ಧ.

ಇದರಿಂದಲೇ ಇನ್ನೊಂದು ಎಚ್ಚರಿಕೆ. ಫಿಸಿಕ್ಸ್ ಸರಣಿಯನ್ನು ಒಂದು ಕಾಲೇಜಿನಲ್ಲಿ ಶುರು ಮಾಡಿ ಇನ್ನೊಂದರಲ್ಲಿ ಮುಗಿಸುವುದು ಸುಲಭ ಅಂದುಕೊಳ್ಳಬೇಡಿ. ಡಿ ಆಂಜಾ, ಫುಟ್‌ಹಿಲ್ ಕ್ವಾರ್ಟರ್ ಕಾಲೇಜುಗಳು. ಓಲೋನಿ, ಮಿಷನ್, ವೆಸ್ಟ್ ವ್ಯಾಲಿ ಎಲ್ಲ ಸೆಮಿಸ್ಟರ್. ಒಂದು ಕಡೆ ನಾಲ್ಕು ತುಂಡು ಮಾಡಿದ್ದನ್ನು ಇನ್ನೊಂದು ಕಡೆ ಮೂರು ತುಂಡು ಮಾಡಿರುತ್ತಾರೆ. ಮಧ್ಯದಲ್ಲಿ ಹಾರಿದರೆ ಯಾವುದೋ ಒಂದು ಪಾಠ ಎರಡು ಸಲ ಬರುತ್ತದೆ, ಇನ್ನೊಂದು ಬರುವುದೇ ಇಲ್ಲ. ಒಂದು ಸರಣಿ ಶುರು ಮಾಡಿದ ಕಡೆಯೇ ಮುಗಿಸಿ.

ಅಸಿಸ್ಟ್ ಪುಟದ ಬಲಗಡೆಯಲ್ಲಿ ಕೆಲವೊಮ್ಮೆ 'ನೋ ಕೋರ್ಸ್ ಆರ್ಟಿಕ್ಯುಲೇಟೆಡ್' ಅಂತ ಇರುತ್ತದೆ. ನಿಮ್ಮ ಕಾಲೇಜಿನಲ್ಲಿ ಅದಕ್ಕೆ ಸಮನಾದ ಕೋರ್ಸ್ ಇಲ್ಲ ಅಂತ ಅರ್ಥ. ಸಾಮಾನ್ಯವಾಗಿ ಸರ್ಕ್ಯೂಟ್ಸ್, ಮೆಟೀರಿಯಲ್ಸ್, ಪ್ರೋಗ್ರಾಮಿಂಗ್‌ನ ಮೇಲಿನ ಕೋರ್ಸ್‌ಗಳಲ್ಲಿ ಹೀಗಾಗುತ್ತದೆ. ಇದನ್ನು ನೋಡಿ ಕೆಲವರು, ಸರಿ ನಮಗೆ ಇದು ಬೇಡ ಅಂತ ಸುಮ್ಮನಾಗುತ್ತಾರೆ. ಹಾಗೆ ಸುಮ್ನೆ ಕೂರಬೇಡಿ. ಪಕ್ಕದ ಊರಿನ ಕಾಲೇಜಿನಲ್ಲಿ ಇದೆಯಾ ನೋಡಿ. ಅದೊಂದು ಕೋರ್ಸ್ ಅಲ್ಲಿ ತೆಗೆದುಕೊಳ್ಳಬಹುದು. ಬೇ ಏರಿಯಾದಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಇನ್ನೊಂದು ಕಾಲೇಜು ಇದ್ದೇ ಇರುತ್ತದೆ. ಸೀಟು ತುಂಬಿಲ್ಲ ಅಂತ ಎಂಜಿನಿಯರಿಂಗ್ ಕೋರ್ಸ್‌ಗಳನ್ನು ಕೊನೆ ಗಳಿಗೆಯಲ್ಲಿ ರದ್ದು ಮಾಡುವುದೂ ಇದೆ. ಹಾಗಾದಾಗಲೂ ಇದೇ ಉಪಾಯ.

ಇನ್ನು ತರಗತಿ ತುಂಬಿಹೋಗಿದ್ದರೆ? ಮಕ್ಕಳೇ, ಇದು ನಿಮಗೆ. ವೇಟ್‌ಲಿಸ್ಟ್‌ನಲ್ಲಿ ಹೆಸರು ಹಾಕಿ. ಮೊದಲ ದಿನ ತರಗತಿಗೆ ಬನ್ನಿ. ಜಾಗ ಇಲ್ಲದಿದ್ದರೆ ಗೋಡೆಗೆ ಒರಗಿ ನಿಂತು ಪಾಠ ಕೇಳಿ. ಮೊದಲ ಹೋಂವರ್ಕ್ ಮಾಡಿ ಕೊಡಿ, ಹೆಸರು ಪಟ್ಟಿಯಲ್ಲಿ ಇಲ್ಲದಿದ್ದರೂ. ಎರಡನೇ ವಾರದ ಹೊತ್ತಿಗೆ ನಾಲ್ಕೈದು ಜನ ಬಿಟ್ಟು ಹೋಗಿರುತ್ತಾರೆ. ಆಗ ಮೇಷ್ಟ್ರು ತರಗತಿಗೆ ಸೇರಿಕೊಳ್ಳಲು ಬೇಕಾದ ಆ್ಯಡ್ ಕೋಡ್ ಕೊಡುವುದು ಕಣ್ಣೆದುರು ಇರುವವರಿಗೆ. ಒಂಬತ್ತನೇ ಸಂಖ್ಯೆಯಲ್ಲಿದ್ದವರಿಗೂ ಸಿಕ್ಕಿದೆ. ಮನೆಯಲ್ಲೇ ಕೂತು ಇಮೇಲ್ ಕಾಯುತ್ತಿದ್ದ ಮೂರನೇ ಸಂಖ್ಯೆಯವರಿಗೆ ತಪ್ಪಿದೆ.

ಜನರಲ್ ಎಜುಕೇಶನ್, ಅಂದರೆ ಯಾವ ಶಾಖೆಯವರೂ ಓದಬೇಕಾದ ಸಾಮಾನ್ಯ ವಿಷಯಗಳ ಬಗ್ಗೆ ಒಂದು ಮಾತು. ಹಿಂದೆ ಇವುಗಳಿಗೆ ಐಜೆಟ್ಸಿ ಅಂತ ಒಂದು ಪಟ್ಟಿ ಇತ್ತು, 2025ರಿಂದ ಕ್ಯಾಲ್-ಜೆಟ್ಸಿ ಬಂದಿದೆ. ಆ ಪಟ್ಟಿ ಪೂರ್ತಿ ಮುಗಿಸಿದರೆ ಯೂನಿವರ್ಸಿಟಿಯಲ್ಲಿ ಆ ತಲೆನೋವು ಇರುವುದಿಲ್ಲ. ಬೇರೆ ವಿಷಯದವರಿಗೆ ಇದು ಬಹಳ ಒಳ್ಳೆಯದು. ಎಂಜಿನಿಯರಿಂಗ್‌ನವರು ಅದರ ಬೆನ್ನು ಹತ್ತಬೇಡಿ. ಮೊದಲು ಗಣಿತ, ಫಿಸಿಕ್ಸ್, ಎಂಜಿನಿಯರಿಂಗ್ ಕೋರ್ಸ್. ಆಮೇಲೆ ಜಾಗ ಉಳಿದರೆ ಉಳಿದದ್ದು. ಯುಸಿ ಕೂಡ ಇದನ್ನೇ ಹೇಳುತ್ತದೆ. ಆದರೆ ಇಂಗ್ಲಿಷ್‌ನ ಎರಡು ಕೋರ್ಸ್ ಮಾತ್ರ ಬಿಡುವ ಹಾಗಿಲ್ಲ. ಎರಡನೇ ಇಂಗ್ಲಿಷ್ ಮರೆತು ಕೊನೆ ಸೆಮಿಸ್ಟರ್‌ನಲ್ಲಿ ಒದ್ದಾಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಖಾತರಿ ಸೀಟಿನ ಬಗ್ಗೆಯೂ ಗಾಳಿಮಾತು ಜಾಸ್ತಿ. ಯುಸಿಯಲ್ಲಿ ಟ್ಯಾಗ್ ಅಂತ ಒಂದು ಒಪ್ಪಂದ ಇದೆ. ಇಂತಿಷ್ಟು ಜಿಪಿಎ (ಗ್ರೇಡ್‌ಗಳ ಸರಾಸರಿ) ಇದ್ದು, ಇಂತಿಂಥ ಕೋರ್ಸ್ ಮುಗಿಸಿದರೆ ಸೀಟು ಖಚಿತ. ಇದು ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂಟಾ ಬಾರ್ಬರಾ, ಸಾಂಟಾ ಕ್ರೂಜ್ ಈ ಆರು ಕಡೆ ಇದೆ. ಬರ್ಕ್ಲಿ, ಲಾಸ್ ಏಂಜಲಿಸ್, ಸ್ಯಾನ್ ಡಿಯಾಗೊದಲ್ಲಿ ಇಲ್ಲ. ಆರರಲ್ಲಿ ಒಂದನ್ನು ಮಾತ್ರ ಆರಿಸಿ ಸೆಪ್ಟೆಂಬರ್ ತಿಂಗಳಲ್ಲಿ ಅರ್ಜಿ ಹಾಕಬೇಕು. ಆರು ಕಡೆಯೂ ಎಲ್ಲ ಎಂಜಿನಿಯರಿಂಗ್ ಶಾಖೆಗೂ ಟ್ಯಾಗ್ ಇರುತ್ತದೆ ಅಂತಲ್ಲ. ಆ ವರ್ಷದ ಟ್ಯಾಗ್ ಪಟ್ಟಿಯನ್ನು ಕಣ್ಣಾರೆ ನೋಡಿ, ಅಣ್ಣನ ಕಾಲದ ಪಟ್ಟಿ ನಂಬಬೇಡಿ. ಸ್ಟೇಟ್ ಯೂನಿವರ್ಸಿಟಿಗಳಿಗೆ ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್ ಅಂತ ಇನ್ನೊಂದು ಏರ್ಪಾಡು 2010ರ ಕಾನೂನಿನಿಂದ ಬಂತು. ಅದು 60 ಯೂನಿಟ್‌ನೊಳಗೆ ಮುಗಿಯಬೇಕಿತ್ತು. ಎಂಜಿನಿಯರಿಂಗ್‌ಗೆ ಬೇಕಾದ ಕೋರ್ಸ್‌ಗಳೆಲ್ಲ ಸೇರಿದರೆ ಆ ಮಿತಿ ದಾಟುತ್ತದೆ. ಹಾಗಾಗಿ ಬಿಸಿನೆಸ್ ಓದುವ ಗೆಳೆಯರಿಗೆ ಸಿಕ್ಕ ಅನುಕೂಲ ಇವರಿಗೆ ಸಿಗಲಿಲ್ಲ.

ಇನ್ನೊಂದು ಗಾಳಿಮಾತು: ಸುಲಭದ ವಿಷಯದಲ್ಲಿ ಸೀಟು ತಗೊಂಡು ಒಳಗೆ ಹೋದಮೇಲೆ ಎಂಜಿನಿಯರಿಂಗ್‌ಗೆ ಬದಲಾಯಿಸಿಕೊಂಡರಾಯಿತು ಅನ್ನುವುದು. ದಯವಿಟ್ಟು ಇದನ್ನು ನಂಬಿ ಮಕ್ಕಳ ವರ್ಷ ಕಳೆಯಬೇಡಿ. ದೊಡ್ಡ ಕ್ಯಾಂಪಸ್‌ಗಳಲ್ಲಿ ಎಂಜಿನಿಯರಿಂಗ್ ಬೇರೆಯೇ ಕಾಲೇಜು. ಟ್ರಾನ್ಸ್‌ಫರ್ ಆಗಿ ಬಂದವರಿಗೆ ಮೂರನೇ ವರ್ಷದಲ್ಲಿ ಆ ಕಡೆ ದಾಟುವುದು ತೀರ ಕಷ್ಟ, ಕೆಲವು ಕಡೆ ಆಗುವುದೇ ಇಲ್ಲ. ಎಲೆಕ್ಟ್ರಿಕಲ್ ಬೇಕಿದ್ದರೆ ಎಲೆಕ್ಟ್ರಿಕಲ್‌ಗೇ ಅರ್ಜಿ ಹಾಕಿ, ಕ್ಯಾಂಪಸ್ ಬೇಕಾದರೆ ಬೇರೆಯದಾಗಲಿ.

ಈಗ ನನ್ನ ಮಾತಿನ ಗಟ್ಟಿ ಭಾಗ. ಯುಸಿಗೆ ಅರ್ಜಿ ಸಲ್ಲಿಸಲು ಶುರುವಾಗುವುದು ಅಕ್ಟೋಬರ್‌ನಲ್ಲಿ, ಮುಚ್ಚುವುದು ನವೆಂಬರ್ ಕೊನೆಯ ಹೊತ್ತಿಗೆ. ಎರಡು ವರ್ಷ ಓದಿ ಹೋಗಬೇಕೆನ್ನುವವರು ಆಗ ಎಲ್ಲಿರುತ್ತಾರೆ? ಮೂರನೇ ಸೆಮಿಸ್ಟರ್‌ನ ಮಧ್ಯದಲ್ಲಿ. ಅವರ ಕೈಯಲ್ಲಿ ಇರುವ ಗ್ರೇಡ್ ಯಾವುದು? ಮೊದಲ ವರ್ಷದ್ದು ಮಾತ್ರ. ಜನವರಿಯಲ್ಲಿ ಮೂರನೇ ಸೆಮಿಸ್ಟರ್‌ನ ಗ್ರೇಡ್ ಸೇರಿಸಬೇಕು, ಅಲ್ಲಿಗೆ ಮುಗಿಯಿತು. ನಾಲ್ಕನೇ ಸೆಮಿಸ್ಟರ್‌ನ ಗ್ರೇಡ್ ಬರುವಷ್ಟರಲ್ಲಿ ತೀರ್ಮಾನ ಆಗಿಹೋಗಿರುತ್ತದೆ. ಯುಸಿಯಲ್ಲಿ ಟ್ರಾನ್ಸ್‌ಫರ್ ಮಕ್ಕಳ ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ನೋಡುವುದಿಲ್ಲ, ಹೈಸ್ಕೂಲ್ ಗ್ರೇಡ್ ಮೇಲೆ ತೀರ್ಮಾನ ಮಾಡುವುದಿಲ್ಲ, ಶಿಫಾರಸು ಪತ್ರ ಕೇಳುವುದಿಲ್ಲ. ಅಂದರೆ ಹೈಸ್ಕೂಲಿನಲ್ಲಿ ಏನೇ ಆಗಿರಲಿ, ಪಾಟಿ ಒರೆಸಿ ಹೊಸದಾಗಿ ಬರೆಯುವ ಅವಕಾಶ. ಇದು ದೊಡ್ಡ ಮಾತು. ಆದರೆ ಆ ಪಾಟಿಯ ಮೇಲೆ ಬೀಳುವ ಮೊದಲ ಅಕ್ಷರಗಳೇ ಹೆಚ್ಚು ಎಣಿಕೆಗೆ ಬರುತ್ತವೆ.

ಮೊದಲ ವರ್ಷ ಒದ್ದಾಡಿಕೊಂಡು ಕಲಿತು ಎರಡನೇ ವರ್ಷ ಮೇಲೇಳುತ್ತೇನೆ ಅನ್ನುವ ಮಕ್ಕಳಿಗೆ ನಾನು ಮೂರು ವರ್ಷದ ಯೋಜನೆ ಹಾಕಲು ಹೇಳುತ್ತೇನೆ. ಅದರಲ್ಲಿ ಅವಮಾನ ಏನೂ ಇಲ್ಲ. ನನ್ನ ತರಗತಿಯಲ್ಲಿ ಸೈನ್ಯದಲ್ಲಿದ್ದು ಬಂದವರಿದ್ದಾರೆ, ರಾತ್ರಿ ಕೆಲಸ ಮಾಡಿ ಬೆಳಗ್ಗೆ ಫಿಸಿಕ್ಸ್‌ಗೆ ಬರುವವರಿದ್ದಾರೆ, ಮಗುವನ್ನು ಶಾಲೆಗೆ ಬಿಟ್ಟು ಬರುವ ತಾಯಂದಿರಿದ್ದಾರೆ. ಅವರಿಗೆಲ್ಲ ಎರಡು ವರ್ಷ ಅನ್ನುವುದು ಬರೀ ಕಾಗದದ ಮೇಲಿನ ಮಾತು. ಮೂರು ವರ್ಷ ಓದಿ ಒಳ್ಳೆಯ ಕಡೆ ಹೋಗುತ್ತಾರೆ. ನಮ್ಮ ಮನೆಗಳಲ್ಲಿ ಮಾತ್ರ ಒಂದು ವರ್ಷ ಜಾಸ್ತಿ ಅಂದರೆ ಆಕಾಶ ತಲೆ ಮೇಲೆ ಬಿದ್ದ ಹಾಗೆ ಆಡುತ್ತೇವೆ.

ಆದರೆ ಒಂದು ಗುಂಪಿಗೆ ಆ ಒಂದು ವರ್ಷ ನಿಜವಾಗಿ ಭಾರ. ಎಚ್-4 ವೀಸಾದಲ್ಲಿರುವ ಮಕ್ಕಳು, ಅಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವ ಅಪ್ಪ ಅಮ್ಮಂದಿರ ಅವಲಂಬಿತರಾಗಿ ಇಲ್ಲಿರುವವರು. ಈ ಸಭೆಯಲ್ಲಿ ಅಂಥ ಮನೆಗಳು ಇವೆ ಅಂತ ಗೊತ್ತು. ಎಚ್-4ನಲ್ಲಿ ಇರುವಾಗ ಕಾಲೇಜು ಓದಬಹುದು, ಕ್ಯಾಲಿಫೋರ್ನಿಯಾದ ನಿವಾಸಿ ಶುಲ್ಕಕ್ಕೂ ಅರ್ಹತೆ ಪಡೆಯಬಹುದು. ಆದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡ್ ಬಂದಿಲ್ಲದಿದ್ದರೆ ಹೆಚ್ಚಿನವರು ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಆಗ ಶುಲ್ಕದ ಲೆಕ್ಕ ಪೂರ್ತಿ ಬದಲಾಗಬಹುದು. ಯುಸಿಯಲ್ಲಿ ಹೊರಗಿನವರಿಗೆ ಮೇಲಿಂದ ಬೀಳುವ ಶುಲ್ಕವೇ ವರ್ಷಕ್ಕೆ 30 ಸಾವಿರ ಡಾಲರ್‌ಗೂ ಜಾಸ್ತಿ. 18ಕ್ಕೆ ಕಮ್ಯುನಿಟಿ ಕಾಲೇಜು ಸೇರಿದ ಮಗು 21 ತಲುಪುವುದು ಯೂನಿವರ್ಸಿಟಿಯ ನಡುವೆ. ಕಮ್ಯುನಿಟಿ ಕಾಲೇಜಿನಲ್ಲಿ ಒಂದು ವರ್ಷ ಜಾಸ್ತಿ ಆದರೆ ಆ ದುಬಾರಿ ಭಾಗ ಒಂದು ವರ್ಷ ಉದ್ದ ಆಗುತ್ತದೆ. ಇಂಥ ಮನೆಯವರು ಮಗು ಹನ್ನೊಂದನೇ ತರಗತಿಯಲ್ಲಿ ಇರುವಾಗಲೇ ಒಬ್ಬ ಇಮಿಗ್ರೇಶನ್ ವಕೀಲರನ್ನು ನೋಡಿ. ಕಾಲೇಜಿನ ರೆಸಿಡೆನ್ಸಿ ವಿಭಾಗದವರನ್ನೂ ಕೇಳಿ. ವಾಟ್ಸ್ಆ್ಯಪ್ ಗುಂಪಿನ ಸಲಹೆ ಮೇಲೆ ಇದನ್ನು ತೀರ್ಮಾನಿಸಬೇಡಿ. ಎಚ್-4 ಮಕ್ಕಳು ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ ಅನ್ನುವುದೂ ನೆನಪಿರಲಿ. ಎಂಜಿನಿಯರಿಂಗ್‌ನಲ್ಲಿ ಅದು ಸಣ್ಣ ವಿಷಯ ಅಲ್ಲ. ಆ ಮಕ್ಕಳ ಮನಸ್ಸಿನಲ್ಲಿ ಏನು ನಡೆದಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ಇಲ್ಲೇ ಬೆಳೆದು, ಇಲ್ಲಿನ ಗೆಳೆಯರ ಜೊತೆ ಓದಿ, ತಾವು ಮಾತ್ರ ಬೇರೆ ಸಾಲಿನಲ್ಲಿ ನಿಲ್ಲಬೇಕು. ಅವರ ಹತ್ತಿರ ಮನೆಯಲ್ಲಿ ಇದನ್ನು ಬಿಚ್ಚಿ ಮಾತಾಡಿ.

ಹೈಸ್ಕೂಲ್ ಮಕ್ಕಳು ಇರುವುದರಿಂದ ಇನ್ನೊಂದು. ಹೈಸ್ಕೂಲಿನಲ್ಲಿ ಇರುವಾಗಲೇ ಕಮ್ಯುನಿಟಿ ಕಾಲೇಜಿನ ಕೋರ್ಸ್ ತೆಗೆದುಕೊಳ್ಳುವುದು ಈಗ ಎಲ್ಲ ಕಡೆ ರೂಢಿ. ಒಳ್ಳೆಯದೇ. ಆದರೆ ಅದು ಕಾಲೇಜಿನ ಗ್ರೇಡ್. ಹದಿನಾರನೇ ವಯಸ್ಸಿನಲ್ಲಿ ಬಂದ ಡಿ ಕೂಡ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಇರುತ್ತದೆ, ಅರ್ಜಿಯಲ್ಲಿ ತೋರಿಸಲೇಬೇಕು. ಮಗುವಿಗೆ ಇಷ್ಟ ಇದ್ದರೆ ಮಾತ್ರ, ಒಂದು ಸಲಕ್ಕೆ ಒಂದು ಕೋರ್ಸ್ ಸಾಕು.

ಅರ್ಜಿಯಲ್ಲಿ ಬರೆಯುವ ಉತ್ತರಗಳಲ್ಲಿ ಒಂದು ಕಡ್ಡಾಯ. ನೀವು ಆರಿಸಿದ ವಿಷಯಕ್ಕೆ ಹೇಗೆ ತಯಾರಾಗಿದ್ದೀರಿ ಅನ್ನುವ ಪ್ರಶ್ನೆ ಅದು. ಚಿಕ್ಕಂದಿನಿಂದ ಲೆಗೊ ಇಷ್ಟ ಅಂತ ಎಲ್ಲರೂ ಬರೆಯುತ್ತಾರೆ. ಒಬ್ಬ ಹುಡುಗಿ ಬೇರೆ ರೀತಿ ಬರೆದಳು. ಅವಳು ನನ್ನ ಕೋಣೆಗೆ ಬಂದು ಗೋಡೆಗೆ ಒರಗಿಸಿದ ಏಣಿಯ ಲೆಕ್ಕ ಬೋರ್ಡ್ ಮೇಲೆ ಬಿಡಿಸಿದ್ದಳು. ಬಲಗಳನ್ನೆಲ್ಲ ಬಾಣ ಹಾಕಿ ತೋರಿಸಿದಳು. ಉತ್ತರ ತಪ್ಪು ಬಂತು. ಗೋಡೆ ನುಣುಪು ಅಂತ ಪ್ರಶ್ನೆಯಲ್ಲಿ ಇತ್ತು, ಅವಳು ಗೋಡೆಯ ಕಡೆಯೂ ಘರ್ಷಣೆಯ ಬಾಣ ಹಾಕಿದ್ದಳು. ತಪ್ಪು ಗೊತ್ತಾದಮೇಲೆ ಅಲ್ಲಿಗೆ ಬಿಡಲಿಲ್ಲ. ಗೋಡೆ ಒರಟಾಗಿದ್ದರೆ ಏನಾಗುತ್ತೆ, ಆಗ ಸಮೀಕರಣ ಸಾಕಾಗಲ್ವಲ್ಲ ಸರ್ ಅಂತ ಕೇಳಿದಳು. ಸರಿಯಾದ ಪ್ರಶ್ನೆ. ತಿಳಿಯದ ಬಲಗಳು ನಾಲ್ಕು, ಸ್ಟ್ಯಾಟಿಕ್ಸ್ ಕೊಡುವ ಸಮೀಕರಣಗಳು ಮೂರೇ. ಅಲ್ಲಿಂದ ಮುಂದಿನ ವಿಷಯಕ್ಕೆ ಅವಳು ತಾನಾಗಿ ಹೋಗಿ ಓದಿಕೊಂಡಳು. ಉತ್ತರದಲ್ಲಿ ಅದನ್ನೇ ಬರೆದಳು. ಓದಿದವರಿಗೆ ಈ ಹುಡುಗಿ ಮೂರನೇ ವರ್ಷದ ಪಾಠ ತಡೆದುಕೊಳ್ಳುತ್ತಾಳೆ ಅಂತ ಗೊತ್ತಾಗುವ ಹಾಗಿತ್ತು.

ಯೂನಿವರ್ಸಿಟಿ ಸೇರಿದಮೇಲೆ ಮೊದಲ ಅವಧಿಯಲ್ಲಿ ಗ್ರೇಡ್ ಇಳಿಯುವುದಕ್ಕೆ 'ಟ್ರಾನ್ಸ್‌ಫರ್ ಶಾಕ್' ಅಂತಲೇ ಹೆಸರಿದೆ. ಯುಸಿಯಲ್ಲಿ ಬರ್ಕ್ಲಿ ಮತ್ತು ಮರ್ಸೆಡ್ ಮಾತ್ರ ಸೆಮಿಸ್ಟರ್, ಉಳಿದ ಕಡೆ ಕ್ವಾರ್ಟರ್. ಹತ್ತು ವಾರದ ಪಾಠ. ಸೆಮಿಸ್ಟರ್ ಕಾಲೇಜಿನಿಂದ ಹೋದವರು ಪುಸ್ತಕ ಕೊಂಡು ಕೂರುವಷ್ಟರಲ್ಲಿ ಮೊದಲ ಮಿಡ್‌ಟರ್ಮ್ ಬಂದಿರುತ್ತದೆ. ಅಲ್ಲಿನ ಮಕ್ಕಳು ಎರಡು ವರ್ಷದಿಂದ ಒಟ್ಟಿಗೆ ಇದ್ದು ಗುಂಪು ಮಾಡಿಕೊಂಡಿರುತ್ತಾರೆ, ನೀವು ಹೊಸಬರು. ಮೊದಲ ಅವಧಿಯಲ್ಲಿ ಕಷ್ಟದ ಕೋರ್ಸ್ ಮೂರು ನಾಲ್ಕು ಒಟ್ಟಿಗೆ ಹೊರಬೇಡಿ. ಅಪ್ಪ ಅಮ್ಮಂದಿರೇ, ಆ ಡಿಸೆಂಬರ್‌ನಲ್ಲಿ ಮಗು ಮನೆಗೆ ಬಂದಾಗ ಗ್ರೇಡ್ ಕೇಳುವ ಮೊದಲು ಊಟ ಹಾಕಿ.

ಕೊನೆಗೆ, ಇಲ್ಲಿ ಚೀಟಿಯಲ್ಲಿ ಬಂದಿರುವ ಒಂದು ಪ್ರಶ್ನೆ. ಮಗಳು ಎರಡನೇ ಸೆಮಿಸ್ಟರ್‌ನಲ್ಲಿದ್ದಾಳೆ, ಕ್ಯಾಲ್ಕುಲಸ್ 2ರಲ್ಲಿ ಸಿ ಬರುವ ಲಕ್ಷಣ ಇದೆ, ಬಿಟ್ಟುಬಿಡಲಾ ಅಂತ ಕೇಳುತ್ತಿದ್ದಾಳೆ, ಏನು ಮಾಡಲಿ? ಮೊದಲು ನಿಯಮ ತಿಳಿದುಕೊಳ್ಳಿ. ನಮ್ಮ ಕಮ್ಯುನಿಟಿ ಕಾಲೇಜುಗಳಲ್ಲಿ ಡಿ ಅಥವಾ ಎಫ್ ಬಂದರೆ ಮತ್ತೆ ಓದಬಹುದು. ಸಿ ಬಂದರೆ ಅದು ಪಾಸ್, ಗ್ರೇಡ್ ಏರಿಸಿಕೊಳ್ಳಲು ಮತ್ತೆ ಕೂರುವಂತಿಲ್ಲ. ಗಡುವಿನೊಳಗೆ ಬಿಟ್ಟರೆ ಡಬ್ಲ್ಯೂ ಬರುತ್ತದೆ. ಅದು ಜಿಪಿಎಗೆ ಸೇರುವುದಿಲ್ಲ, ಆದರೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಕಾಣುತ್ತದೆ. ಒಂದು ಕೋರ್ಸ್‌ಗೆ ಸಾಮಾನ್ಯವಾಗಿ ಮೂರೇ ಅವಕಾಶ, ಡಬ್ಲ್ಯೂ ಕೂಡ ಅದರಲ್ಲಿ ಒಂದು. ಈಗ ಮಗಳನ್ನು ಕೇಳಿ: ಪಾಠ ಅರ್ಥವಾಗುತ್ತಿದೆಯಾ, ಒಂದು ಪರೀಕ್ಷೆ ಕೆಟ್ಟಿತಾ? ಹಾಗಿದ್ದರೆ ಮುಂದುವರಿಯಲಿ. ಒಂದು ಸಿ ಇದ್ದು, ಕ್ಯಾಲ್ಕುಲಸ್ 3ರಲ್ಲಿ ಎ ಬಂದರೆ ಅರ್ಜಿ ಓದುವವರು ಅದನ್ನು ಗಮನಿಸುತ್ತಾರೆ. ಇಂಟಿಗ್ರೇಶನ್ ಬುಡದಿಂದಲೇ ಕೈಗೆ ಹತ್ತಿಲ್ಲ ಅಂದರೆ ಬಿಡುವುದೇ ಒಳ್ಳೆಯದು. ಬೇಸಿಗೆಯಲ್ಲಿ ಅದೊಂದನ್ನೇ ಇಟ್ಟುಕೊಂಡು ಓದಲಿ, ಆಗ ಮುಂದಿನ ಫಿಸಿಕ್ಸ್ ತಪ್ಪುವುದಿಲ್ಲ. ಬೇಸಿಗೆಯ ತರಗತಿ ಆರೆಂಟು ವಾರದಲ್ಲಿ ಓಡುತ್ತದೆ, ಆ ದಿನಗಳಲ್ಲಿ ಊರಿನ ಟಿಕೆಟ್ ಬುಕ್ ಮಾಡಬೇಡಿ. ಯಾವುದನ್ನು ತೀರ್ಮಾನಿಸುವ ಮೊದಲೂ ಸೋಮವಾರ ಮೇಷ್ಟ್ರ ಹತ್ತಿರ ಹೋಗಲಿ. ಈಗಿನ ಅಂಕ ಎಷ್ಟು, ಫೈನಲ್‌ನಲ್ಲಿ ಎಷ್ಟು ಬಂದರೆ ಬಿ ಆಗುತ್ತದೆ, ಬಿಡುವ ಗಡುವು ಯಾವತ್ತು, ಈ ಮೂರನ್ನೂ ಬರೆಸಿಕೊಂಡು ಬರಲಿ. ಆಮೇಲೆ ಮನೆಯಲ್ಲಿ ಕೂತು ಮಾತಾಡಿ.